ಕಡೀ ಎಲೆ

ನಮ್ಮ ಕಡೆ ಜಾತ್ರೆ ಊಟದಲ್ಲಿ ಹಿರಿಯರೊಬ್ಬರು ತಾವು ಉಣ್ಣದೆ ನಿಂತಿರುತ್ತಾರೆ. ಹೆಗಲ ಮೇಲೆ ಟವೆಲ್ಲು, ಕಣ್ಣು ಪಂಕ್ತಿಯ ತುದಿಯ ಕಡೆಗೆ. ಬಕೆಟ್ ಹಿಡಿದ ಹುಡುಗರು ಗುರುತಿನವರ ಹತ್ತಿರ ನಿಂತು ಪಾಯಸ ಹೆಚ್ಚಿಗೆ ಬಡಿಸತೊಡಗಿದರೆ ಕೂಗು ಬೀಳುತ್ತದೆ: "ಕಡೀ ಎಲಿಗೆ ಬಂತೇನ್ರೋ?" ಎಲೆ ಹೋಗಿ ಪೇಪರ್ ತಟ್ಟೆ ಬಂದರೂ ಕೂಗಿನಲ್ಲಿ ಎಲೆ ಉಳಿದಿದೆ.

ಭಾನುವಳ್ಳಿಯ ಗದ್ದೆ ಬದುವಿನ ಮೇಲೆ ನಿಂತಾಗ ಆ ಕೂಗು ನೆನಪಾಗುತ್ತದೆ. ಹರಿಹರ ತಾಲ್ಲೂಕೆಂದರೆ ಭದ್ರಾ ನಾಲೆಯ ಕೊನೆಭಾಗ. ನೀರಿನ ಪಂಕ್ತಿಯಲ್ಲಿ ಕಡೀ ಎಲೆ. ದೂರದ ಲಕ್ಕವಳ್ಳಿಯಲ್ಲಿ 186 ಅಡಿಯ ಅಣೆಕಟ್ಟು ತುಂಬಿತೆಂದರೆ ಇಲ್ಲಿ ಮುಖ ಅರಳುತ್ತದೆ. ಆದರೆ ಅಣೆಕಟ್ಟು ತುಂಬುವುದು ಬೇರೆ, ನಮ್ಮ ತೂಬಿಗೆ ನೀರು ಮುಟ್ಟುವುದು ಬೇರೆ. ನಡುವೆ ಹೂಳಿದೆ, ಜೊಂಡಿದೆ, ನಾಲೆಗೆ ಪಂಪ್‌ಸೆಟ್ ಇಟ್ಟವರಿದ್ದಾರೆ. ಅವರೂ ರೈತರೇ, ಅವರ ಪೈರಿಗೂ ಬಾಯಾರಿಕೆ.

ನೀರು ಬಿಡುವ ಮುಂಚೆ ರೈತರೇ ಗುದ್ದಲಿ, ಕುಡುಗೋಲು ಹಿಡಿದು ನಾಲೆಗೆ ಇಳಿಯುವುದುಂಟು. ಹೊತ್ತು ನೆತ್ತಿಗೇರಿದಾಗ ಏರಿಯ ಮೇಲೆ ಟವೆಲ್ಲು ಹಾಸಿ ಮಂಡಕ್ಕಿ ಸುರಿಯುತ್ತಾರೆ. ಮೇಲೆ ಹೆಚ್ಚಿದ ಈರುಳ್ಳಿ, ಪಕ್ಕಕ್ಕೆ ಮೆಣಸಿನಕಾಯಿ. ಕೆಸರು ಒಣಗಿದ ಕೈಗಳು ಸುತ್ತಲಿಂದ ಬರುತ್ತವೆ. ಮಂಡಕ್ಕಿ ರಾಶಿಗೆ ಮೇಲ್ಭಾಗ, ಕೊನೆಭಾಗ ಇಲ್ಲ. ನೀರಿನ ಸರದಿಗೆ ಮಾತು ಬಿಟ್ಟವರೂ ಮೆಣಸಿನಕಾಯಿ ಮುರಿದು, ಅರ್ಧವನ್ನು ಮಾತಿಲ್ಲದೆಯೇ ಆಚೆ ಸರಿಸುತ್ತಾರೆ.

ಒಟ್ಟಿಗೆ ಉಂಡ ಮಾತ್ರಕ್ಕೆ ವ್ಯಾಜ್ಯ ತೀರಿತೆಂದು ನಾನು ಹೇಳಲಾರೆ. ಆ ರಾತ್ರಿಯೂ ಬ್ಯಾಟರಿ ಹಿಡಿದು ತೂಬು ಕಾಯುವವರು ಇದ್ದೇ ಇರುತ್ತಾರೆ. ಆದರೆ ಕತ್ತಲಲ್ಲಿ ಎದುರಾದವನು ಈಗ ಬರೀ ಸರ್ವೆ ನಂಬರ್ ಅಲ್ಲ, ಮಧ್ಯಾಹ್ನ ಮೆಣಸಿನಕಾಯಿ ಸರಿಸಿದವನು. ಬೈಗುಳ ಒಂದು ಕ್ಷಣ ತಡೆಯುತ್ತದೆ. ಆ ಕ್ಷಣದಲ್ಲಿ ಒಂದು ಗದ್ದೆಗೆ ನೀರು ಹರಿದೀತು.

ಸೀಗಿ ಹುಣ್ಣಿಮೆಗೆ ಹೊಲಗದ್ದೆಗಳಲ್ಲಿ ಚರಗ ಚೆಲ್ಲುತ್ತಾರೆ. ಆ ಅನ್ನ ಬದು ದಾಟಿ ಬಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ಹಕ್ಕಿಗೆ, ಇರುವೆಗೆ ಎಲ್ಲೆ ಗೊತ್ತಿಲ್ಲ. ವರ್ಷಕ್ಕೊಂದು ದಿನ ಅನ್ನಕ್ಕೆ ಇರುವ ಈ ದಾರಿ ನೀರಿಗೆ ಯಾಕಿಲ್ಲ ಎಂದು ಕೇಳಿಕೊಳ್ಳುತ್ತೇನೆ.

ಜಾತ್ರೆಯಲ್ಲಿ ಎಲ್ಲರೂ ಎದ್ದ ಮೇಲೆ ಆ ಹಿರಿಯರು ಉಣ್ಣಲು ಕೂರುತ್ತಾರೆ. ಹುಡುಗರು ಕೊಪ್ಪರಿಗೆ ವಾಲಿಸಿ ತಳ ಗೀರುತ್ತಾರೆ. ಆಗ ಕಡೀ ಎಲೆ ಅವರದೇ.