ದೋಷವೂ ದೂಷಣೆಯೂ

ಸದಾ ಇರುವ ದೋಷವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಬಂದು ಹೋಗುವ ದೋಷವೇ ಕಷ್ಟದ್ದು. ವೈದ್ಯರು ಬಾಗಿಲಿಗೆ ಬರುವ ವೇಳೆಗೆ ಇಳಿದುಹೋಗುವ ಜ್ವರವನ್ನು ಎಲ್ಲ ಮನೆಗಳವರೂ ಕಂಡಿರುತ್ತಾರೆ. ಆಗ ರೋಗಿಯ ಮಾತನ್ನು ವೈದ್ಯರು ಎಷ್ಟರ ಮಟ್ಟಿಗೆ ನಂಬಬೇಕು, ವೈದ್ಯರ ಮಾತನ್ನು ರೋಗಿಯು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯು ನನಗೆ ಒದಗಿದ್ದು ಜ್ವರದಿಂದಲ್ಲ, ಒಂದು ಹಳೆಯ ಮೋಟಾರು ಕಾರಿನಿಂದ. ವಿಷಯವು ಕ್ಷುದ್ರವೆಂದು ವಾಚಕರು ಪುಟವನ್ನು ಮಗುಚದಿರಲಿ. ಇದರಲ್ಲಿ ಒಬ್ಬ ಮನುಷ್ಯನ ಹೆಸರು ಕೆಟ್ಟ ಸಂಗತಿಯುಂಟು, ಕೆಡಿಸಿದವನು ನಾನು.

ಕಾರು 1988ರ ಪ್ರೀಮಿಯರ್ ಪದ್ಮಿನಿ. ನಾಲ್ಕು ಸಿಲಿಂಡರಿನ, 1089 ಸಿ.ಸಿ. ಎಂಜಿನು. ಓಡುವಾಗ ಅದರಲ್ಲಿ ಯಾವ ಕುಂದೂ ಕಾಣದು. ಆದರೆ ದೂರದ ಪ್ರಯಾಣದ ಕಡೆಯಲ್ಲಿ, ರೈಲ್ವೆ ಗೇಟಿನ ಮುಂದೆಯೋ ಸಂತೆಯ ಸಂದಣಿಯಲ್ಲಿಯೋ ನಿಂತು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಎಂಜಿನು ಒಮ್ಮೊಮ್ಮೆ ನಡುಗಿ, ಮುಗ್ಗರಿಸಿ, ನಿಂತುಹೋಗುತ್ತಿತ್ತು. ಮಾರನೆಯ ದಿನ ಮೇಸ್ತ್ರಿಯ ಅಂಗಳಕ್ಕೆ ಒಯ್ದರೆ ಪರಮಸಾಧುವಿನಂತೆ ಗುನುಗುತ್ತಿತ್ತು.

ನಮ್ಮ ಸಕಲೇಶಪುರದ ಆ ಮೇಸ್ತ್ರಿ ಎರಡು ಸಲ ತಾಸುಗಟ್ಟಲೆ ಪರೀಕ್ಷಿಸಿ ಹೇಳಿದ್ದಿಷ್ಟೆ: "ಮೇಷ್ಟ್ರೇ, ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಣ್ಣಿಗೆ ಬೀಳದ್ದನ್ನು ಬಿಚ್ಚಿ ಏನು ಮಾಡಲಿ? ಕೆಟ್ಟಾಗ ಹಾಗೇ ಇಲ್ಲಿಗೆ ಬನ್ನಿ." ಹಣವನ್ನು ಮುಟ್ಟಲಿಲ್ಲ. ನನಗೆ ಇದು ಅಸಡ್ಡೆಯಾಗಿ ಕಂಡಿತು. ಕಾರನ್ನು ಬೇರೊಂದು ಊರಿನ ದೊಡ್ಡ ವರ್ಕ್‌ಷಾಪಿಗೆ ಒಯ್ದೆನು. ಅಲ್ಲಿ ಒಂದೇ ದಿನದಲ್ಲಿ ಪ್ಲಗ್ಗುಗಳನ್ನೂ ಪಾಯಿಂಟನ್ನೂ ಕಂಡೆನ್ಸರನ್ನೂ ಬದಲಾಯಿಸಿ, ಕಾರ್ಬುರೇಟರನ್ನು ಕಳಚಿ ತೊಳೆದು ಕೂರಿಸಿ, ಐಡ್ಲಿಂಗ್ ತಿರುಪನ್ನು ತುಸು ಏರಿಸಿ, "ಕಂಡೆನ್ಸರ್ ಹೋಗಿತ್ತು" ಎಂದು ನಿಶ್ಚಯವಾಗಿ ಹೇಳಿ, ದೊಡ್ಡದೊಂದು ಬಿಲ್ಲನ್ನು ಕೊಟ್ಟರು. ಇಪ್ಪತ್ತು ದಿನ ಕಾರು ಎಲ್ಲಿಯೂ ನಿಲ್ಲಲಿಲ್ಲ. ಆ ಇಪ್ಪತ್ತು ದಿನಗಳಲ್ಲಿ ನಾನು, ನಮ್ಮ ಊರಿನ ಮೇಸ್ತ್ರಿಗೆ ಕೆಲಸ ತಿಳಿಯದೆಂದು ನಾಲ್ಕಾರು ಮನೆಗಳ ಜಗುಲಿಯಲ್ಲಿ ಕುಳಿತು ಹೇಳಿದೆನು. ಇಬ್ಬರು ತಮ್ಮ ವಾಹನಗಳನ್ನು ಆತನಲ್ಲಿಗೆ ಕಳುಹಿಸುವುದನ್ನು ಬಿಟ್ಟರು.

ಇಪ್ಪತ್ತೊಂದನೆಯ ದಿನ ಮಂಗಳೂರಿನಿಂದ ಶಿರಾಡಿ ಘಾಟಿಯನ್ನು ಹತ್ತಿ ಊರು ಸೇರುತ್ತಲೇ ಎಂಜಿನು ಹಿಂದಿನಂತೆಯೇ ನಡುಗಿ ನಿಂತಿತು. ಮುಖವೆಲ್ಲಿಟ್ಟುಕೊಳ್ಳಲಿ ಎನ್ನುತ್ತ, ಕಾದ ಎಂಜಿನನ್ನು ಹಾಗೆಯೇ ಮತ್ತೆ ಚಾಲೂ ಮಾಡಿ ಅದೇ ಅಂಗಳಕ್ಕೆ ಹೋದೆನು. ಅವರು ಏನನ್ನೂ ಕಳಚಲಿಲ್ಲ. ಕಾರ್ಬುರೇಟರು ಕುಳಿತಿರುವ ತಳದ ಸಂದಿಯ ಸುತ್ತ ಹನಿಹನಿಯಾಗಿ ನೀರು ಬಿಟ್ಟರು. ಒಂದು ಮಗ್ಗುಲಿಗೆ ನೀರು ಬಿದ್ದೊಡನೆ ಎಂಜಿನಿನ ಧ್ವನಿ ಸರಿಯಾಯಿತು. ನೀರು ಇಂಗಿದ ಕೂಡಲೇ ಪುನಃ ನಡುಕ. ಅಲ್ಲಿನ ಗ್ಯಾಸ್ಕೆಟ್ಟು ಸೀಳಿತ್ತು.

ಇದರ ಮರ್ಮ ಹೀಗೆ. ಪೆಟ್ರೋಲು ಒಂದು ಪಾಲು ಉರಿಯಲು ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಬೇಕು. ಈ ಅಳತೆ ಕಾರ್ಬುರೇಟರಿನದು. ಸೀಳಿನಿಂದ ನುಸುಳುವ ಗಾಳಿ ಅಳತೆಗೆ ಸಿಕ್ಕದ ಗಾಳಿ. ವೇಗವಾಗಿ ಓಡುವಾಗ ಅದು ಹೊಳೆಗೆ ಬಿದ್ದ ಹನಿ. ಕಾಲು ತೆಗೆದಾಗಲಾದರೋ, ಗಾಳಿಯ ಮುಖ್ಯ ದಾರಿ ಬಹುಮಟ್ಟಿಗೆ ಮುಚ್ಚಿ, ಒಳಗಿನ ಸೆಳೆತ ಬಲವಾಗಿ, ಆ ಹನಿಯೇ ದೊಡ್ಡ ಪಾಲಾಗುತ್ತದೆ. ಎಂಜಿನು ತಣ್ಣಗಿರುವಾಗ ಚೋಕಿನ ಹೆಚ್ಚಿನ ಪೆಟ್ರೋಲು ಕೊರತೆಯನ್ನು ಮರೆಮಾಚುತ್ತದೆ; ಚೆನ್ನಾಗಿ ಕಾದಮೇಲೆಯೇ ನಮ್ಮ ಸೀಳು ಬಾಯಿ ಬಿಡುತ್ತಿತ್ತು. ನನ್ನ ಮನೆಯಿಂದ ಅವರ ಅಂಗಳಕ್ಕೆ ಅರ್ಧ ಮೈಲಿ. ಅವರ ಕಣ್ಣಿಗೆ ದೋಷವು ಬೀಳದಿದ್ದುದು ಅಜ್ಞಾನವಾಗಿರಲಿಲ್ಲ. ಬಿಸಿಯಲ್ಲದೆ ಅದು ಬಾರದೆಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಹೊಸ ಗ್ಯಾಸ್ಕೆಟ್ಟು ಹಾಕಿದ ಮೇಲೂ ಅವರಿಗೆ ಸಮಾಧಾನವಿಲ್ಲ. ಆ ಮಗ್ಗುಲಿನ ನಟ್ಟನ್ನು ಬೇಕೆಂದೇ ಸಡಿಲಿಸಿದರು, ನಡುಕ ಬಂದಿತು. ಬಿಗಿದರು, ಹೋಯಿತು. ನಮ್ಮ ತಾರ್ಕಿಕರು ಅನ್ವಯ ವ್ಯತಿರೇಕಗಳೆಂದು ಕರೆದದ್ದು ಇದನ್ನೇ: ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು. ಐದು ಕೆಲಸಗಳನ್ನು ಒಂದೇ ದಿನ ಮಾಡಿದವನಿಗೆ ಈ ಪರೀಕ್ಷೆ ಸಾಧ್ಯವಿಲ್ಲ. ಅವನು ಹಣವನ್ನಲ್ಲದೆ ಸಾಕ್ಷ್ಯವನ್ನೂ ಹಾಳುಮಾಡಿರುತ್ತಾನೆ.

ಹಾಗಾದರೆ ಆ ಇಪ್ಪತ್ತು ದಿನಗಳ ಆರೋಗ್ಯ ಎಲ್ಲಿಂದ ಬಂದಿತು? ಕಾರ್ಬುರೇಟರನ್ನು ಮತ್ತೆ ಕೂರಿಸುವಾಗ ಹಳೆಯ ಗ್ಯಾಸ್ಕೆಟ್ಟು ಬಿಗಿಯಾಗಿ ಅದುಮಿಕೊಂಡಿತ್ತು. ಏರಿಸಿದ ಐಡ್ಲಿಂಗ್ ಉಳಿದುದನ್ನು ಮುಚ್ಚಿತ್ತು. ಕೈ ಸರಿಯಾದುದನ್ನೇ ಮಾಡಿತು, ನಾಲಿಗೆ ಮತ್ತೊಂದನ್ನು ಹೇಳಿತು. ನೈಯಾಯಿಕರು ಒಂದು ನಿದರ್ಶನವನ್ನು ಚರ್ಚಿಸುವುದುಂಟು: ದೂರದ ಮಂಜನ್ನು ಹೊಗೆಯೆಂದು ಭ್ರಮಿಸಿ ಒಬ್ಬನು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ, ದೈವವಶದಿಂದ ಅಲ್ಲಿ ನಿಜವಾಗಿಯೂ ಬೆಂಕಿಯಿರುತ್ತದೆ. ಅವನಿಗೆ ಬೆಂಕಿ ತಿಳಿದಿತ್ತೆನ್ನಬಹುದೆ? ವರ್ಕ್‌ಷಾಪಿನವರಿಗೆ ಬೆಂಕಿಯಾದರೂ ದೊರೆಯಿತು. ನಾನು ಮಂಜನ್ನು ನೋಡಿ ನೆರೆಯವನ ಮನೆಯಲ್ಲಿ ಕಳ್ಳನಿದ್ದಾನೆಂದು ಕೂಗಿದವನು.

ವಕೀಲರಾದ ನನ್ನ ಮಿತ್ರರೊಬ್ಬರು ವಾದಿಸಿದರು: "ನೀವು ನಂಬಿದ್ದನ್ನೇ ಹೇಳಿದಿರಿ, ಅದು ಸುಳ್ಳಾಗದು." ಸುಳ್ಳಾಗದೆಂಬುದು ಸರಿ. ಆದರೆ ಆ ನಂಬಿಕೆಗೆ ಬಲ ಬಂದದ್ದು ಪ್ರಮಾಣದಿಂದಲ್ಲ, ನಡುರಸ್ತೆಯಲ್ಲಿ ನಿಂತ ಅವಮಾನದಿಂದ. ಅವರು ಮತ್ತೂ ಕೇಳಿದರು: "ಎಲ್ಲದಕ್ಕೂ ಅನ್ವಯ ವ್ಯತಿರೇಕ ನೋಡುತ್ತ ಕುಳಿತರೆ ಸಂಸಾರ ನಡೆಯುತ್ತದೆಯೆ?" ನಡೆಯದು. ವೈದ್ಯರನ್ನೂ ಅಳಿಯಂದಿರನ್ನೂ ನಾವು ಅರೆಪ್ರಮಾಣದಿಂದಲೇ ಆರಿಸಿಕೊಳ್ಳುತ್ತೇವೆ. ನನ್ನ ಕಾರನ್ನು ಎಲ್ಲಿಗೆ ಬೇಕಾದರೂ ಒಯ್ಯಲು ನನಗೆ ಅಷ್ಟು ಪ್ರಮಾಣ ಸಾಕಾಗಿತ್ತು. ಜಗುಲಿಯ ಮೇಲೆ ಕುಳಿತು ಒಬ್ಬನ ಅನ್ನದ ವಿಷಯದಲ್ಲಿ ತೀರ್ಪು ಕೊಡಲು ಸಾಲದಾಗಿತ್ತು. ಈ ಎರಡರ ನಡುವಣ ಗೆರೆ ಎಲ್ಲೆಲ್ಲಿಯೂ ಇಷ್ಟು ಸ್ಪಷ್ಟವಾಗಿರದೆಂದು ಬಲ್ಲೆ. ನನ್ನ ಪಾಲಿಗೆ ಸ್ಪಷ್ಟವಾಗಿತ್ತು.

ಆ ಮನೆಗಳಿಗೆ ಮತ್ತೆ ಹೋಗಿ ನಡೆದುದನ್ನು ಹೇಳಿಬಂದೆನು. ಒಬ್ಬರು ನಕ್ಕರು. ಇನ್ನೊಬ್ಬರು, "ಈಗ ಬೇರೆಯವರು ರೂಢಿಯಾಗಿಬಿಟ್ಟರಲ್ಲ" ಎಂದರು. ಮೇಸ್ತ್ರಿಯವರಿಗೂ ಎಲ್ಲವನ್ನೂ ತಿಳಿಸಿದೆನು. ಅವರಿಗೆ ಮೊದಲೇ ಗೊತ್ತಿತ್ತು. ಮಾತು ತಿರುಗಿಸುವುದಕ್ಕಾಗಿ, ದೋಷವು ಪೂರ್ತಿ ಹೋದಂತೆಯೇ ಅಲ್ಲವೆ ಎಂದು ಕೇಳಿದೆನು. ಅವರು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, "ಒಂದು ಬೇಸಿಗೆ ಕಳೀಲಿ ಮೇಷ್ಟ್ರೇ, ಆಮೇಲೆ ಹೇಳೋಣ" ಎಂದರು.