ಯಾರ ಪೈಕಿ?

ಎರಡು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದೆ. ಮಾಡುವಾಗ ತಪ್ಪು ಅನ್ನಿಸಲಿಲ್ಲ, ಒಳ್ಳೆಯ ಕೆಲಸ ಅಂತಲೇ ಅನ್ನಿಸಿತ್ತು. ಅದಕ್ಕೇ ಅದರ ಬಗ್ಗೆ ಬರೆಯುತ್ತಿದ್ದೇನೆ.

ರಬಾಳೆಯ ಎಂಐಡಿಸಿಯಲ್ಲಿ ನನ್ನ ಕೆಲಸ. ಒಂದು ಸಂಜೆ ಚಹಾದಂಗಡಿಯ ಮುಂದೆ ನಿಂತು ಊರಿಗೆ ಫೋನು ಮಾಡುತ್ತಿದ್ದೆ. ನಾನು ಮಾತು ಮುಗಿಸುವುದನ್ನೇ ಕಾಯುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: “ಸರ್, ಪಗಾರ ಅನ್ನೋದು ಕನ್ನಡದ್ದೋ ಮರಾಠೀದೋ?”

ಎರಡೂ ಅಲ್ಲ, ಪೋರ್ಚುಗೀಸರಿಂದ ಬಂದದ್ದು ಎಂದೆ. ಅವನಿಗೆ ಖುಷಿಯಾಯಿತು. “ಹಂಗಾದ್ರ ಯಾರ್ದೂ ಅಲ್ಲ, ಎಲ್ಲಾರ್ದೂ” ಅಂದ. ಹಾಡು ಕಟ್ಟುತ್ತಿದ್ದೇನೆ ಎಂದೂ ಹೇಳಿದ. ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇವನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮೊಬೈಲಿನಲ್ಲಿ ಕನ್ನಡದ ಸಾಲುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದ.

ಒಂದು ವಿಡಿಯೋ ತೋರಿಸಿದ. ಸಿಮೆಂಟು ಕಲೆಸುವವರು ಧೂಳಿಗೆ ಹೆದರಿ ಸುತ್ತಿಕೊಳ್ಳುತ್ತಾರಲ್ಲ, ಹಾಗೆ ಮುಖಕ್ಕೆಲ್ಲ ಟವೆಲ್ ಸುತ್ತಿ ಕಣ್ಣಷ್ಟೇ ಬಿಟ್ಟಿದ್ದ. ಹಿಂದಿ, ಮರಾಠಿ, ಕನ್ನಡ ಕಲಸಿದ ರ‍್ಯಾಪ್. ವಾರದ ಪಗಾರದಲ್ಲಿ ಒಂದು ದಿನದ್ದು ಹಿಡಿದುಕೊಳ್ಳುವ ಮುಕಾದಮನ ಮೇಲಿನ ಹಾಡು. ಮುಕಾದಮನ ಹೆಸರಿಲ್ಲ, ಹಾಡಿದವನ ಹೆಸರೂ ಇಲ್ಲ.

ಇಲ್ಲಿನ ಕನ್ನಡಿಗರ ವಾಟ್ಸ್‌ಆಪ್ ಗುಂಪೊಂದರಲ್ಲಿ ನಾನಿದ್ದೇನೆ. ಆ ರಾತ್ರಿ ವಿಡಿಯೋ ಅಲ್ಲಿ ಹಾಕಿದೆ. ಮೊದಲ ಅರ್ಧ ಗಂಟೆ ಎಲ್ಲರೂ ಹಾಡಿನ ಬಗ್ಗೆ ಮಾತಾಡಿದರು. ಆ ಭಾಷೆ ಎಲ್ಲಿಯದು, ಪ್ರಾಸ ಹೇಗೆ ಬಿದ್ದಿದೆ, ಮುಕಾದಮ ಎಂಬ ಪದ ಕೇಳಿ ಎಷ್ಟು ವರ್ಷವಾಯಿತು, ಹೀಗೆ. ಆಮೇಲೆ ಯಾರೋ ಹುಡುಗ ಯಾರು ಎಂದು ಕೇಳಿದರು. ನನಗೆ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಹೇಳದೆ ಇರಲಾಗಲಿಲ್ಲ. “ನಮ್ಮ ಹುಡುಗ, ನಮ್ಮ ರಬಾಳೆಯವನು” ಎಂದು ಬರೆದು ಪೂರ್ತಿ ಹೆಸರು ಹಾಕಿದೆ.

ತಕ್ಷಣ ಮಾತಿನ ದಾರಿ ಬದಲಾಯಿತು. ಯಾವ ಊರು? ಅಡ್ಡಹೆಸರು ನೋಡಿದರೆ ಇಂಥವರ ಪೈಕಿ ಇರಬೇಕಲ್ಲ? ಅಪ್ಪ ಎಲ್ಲಿ ಕೆಲಸ? ನಮ್ಮಲ್ಲಿ ಹೆಸರು ಬರೀ ಹೆಸರಲ್ಲ, ಅದರೊಳಗೆ ಊರು, ಜಾತಿ, ಮನೆತನ ಎಲ್ಲ ಕೂತಿರುತ್ತವೆ. ಹಾಡಿನ ಬಗ್ಗೆ ಆಮೇಲೆ ಒಬ್ಬರೂ ಮಾತಾಡಲಿಲ್ಲ.

ಮುಂದಿನದು ಬೇಗ ನಡೆಯಿತು. ಗುಂಪಿನಿಂದ ಗುಂಪಿಗೆ ಹೋದ ಸುದ್ದಿ ಒಂದು ಚಾನೆಲ್ಲಿಗೆ ಮುಟ್ಟಿತು. ಕ್ಯಾಮೆರಾದವರು ಅವನ ಮನೆಯ ಮುಂದೆ ಬಂದು, ಅಮ್ಮ ನೀರು ಹೊತ್ತು ತರುವುದನ್ನು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರಂತೆ. ಅವನು ಒಪ್ಪಲಿಲ್ಲ. ಎಲ್ಲಿಂದಲೋ ಒಂದು ಹಳೆಯ ಫೋಟೋ ಹುಡುಕಿ ಸುದ್ದಿ ಮಾಡಿಯೇ ಮಾಡಿದರು. ಅವನ ಅಪ್ಪನನ್ನು ಕೆಲಸಕ್ಕಿಟ್ಟುಕೊಂಡಿದ್ದ ಗುತ್ತಿಗೆದಾರ ಅದನ್ನು ನೋಡಿದ. ಹಾಡಿನಲ್ಲಿ ಯಾರ ಹೆಸರೂ ಇರಲಿಲ್ಲ ನಿಜ. ಆದರೆ ಹಾಡಿದವನ ಹೆಸರು ಸಿಕ್ಕ ಮೇಲೆ ಇನ್ನೊಂದು ಹೆಸರು ತಾನಾಗಿಯೇ ಸಿಗುತ್ತದೆ. ಅಪ್ಪನಿಗೆ ಹದಿನೈದು ದಿನ ಕೆಲಸ ಸಿಗಲಿಲ್ಲ.

ಅವನು ಸಿಕ್ಕಾಗ ನಾನು ಸಮರ್ಥಿಸಿಕೊಂಡೆ. ಹೆಸರು ಹೇಳಬೇಡಿ ಅಂತ ನೀನು ಹೇಳಿರಲಿಲ್ಲವಲ್ಲ ಎಂದೆ.

“ಮಾರಿ ಮುಚ್ಚಿದ್ನೆಲ್ರಿ ಸರ್” ಅಂದ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ಉಳಿಯಿತು. ಹಾಡು ಕೇಳಿದವನಿಗೆ ಹಾಡಿದವರು ಯಾರು ಎಂದು ತಿಳಿಯುವ ಹಕ್ಕು ಇದೆಯೇ? ಹೆಸರು ಹೇಳುವುದು ಹೊಗಳಿಕೆಯೋ, ಕಳವೋ?

ಲಂಡನ್ನಿನಲ್ಲಿ ಬರಿಯಲ್ ಎಂಬ ಸಂಗೀತಗಾರನಿದ್ದಾನೆ. 2006ರಲ್ಲಿ ಒಂದು ಆಲ್ಬಮ್, 2007ರಲ್ಲಿ ‘ಅನ್‌ಟ್ರೂ’ ಎಂಬ ಇನ್ನೊಂದು. ಅವನು ಯಾರೆಂದು ತೀರಾ ಕೆಲವರಿಗಷ್ಟೇ ಗೊತ್ತಿತ್ತು. ವೇದಿಕೆ ಹತ್ತುತ್ತಿರಲಿಲ್ಲ, ಫೋಟೋ ಕೊಡುತ್ತಿರಲಿಲ್ಲ. 2008ರಲ್ಲಿ ‘ಅನ್‌ಟ್ರೂ’ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೆ ಬಂದದ್ದೇ ತಡ, ‘ದಿ ಸನ್’ ಪತ್ರಿಕೆ ಅವನ ಗುರುತು ಪತ್ತೆ ಮಾಡಲು ಹೊರಟಿತು. ಯಾರೋ ಪ್ರಸಿದ್ಧ ಸಂಗೀತಗಾರನೇ ಈ ಹೆಸರಿನಲ್ಲಿ ಅಡಗಿದ್ದಾನೆ ಎಂಬ ಗಾಳಿಮಾತೂ ಹಬ್ಬಿತು. ಕೊನೆಗೆ ಆ ಆಗಸ್ಟಿನಲ್ಲಿ ಅವನೇ ಮೈಸ್ಪೇಸಿನಲ್ಲಿ ಒಂದು ಫೋಟೋ ಹಾಕಿ, ನನ್ನ ಹೆಸರು ವಿಲ್ ಬೆವನ್, ಹಾಡು ಮಾಡುವುದಷ್ಟೇ ನನಗೆ ಬೇಕಾದದ್ದು ಎಂಬರ್ಥದ ಮಾತು ಬರೆದ. ಪ್ರಶಸ್ತಿ ಎಲ್ಬೋ ಎಂಬ ತಂಡಕ್ಕೆ ಹೋಯಿತು. ಪತ್ರಿಕೆಗಳು ಮುಂದಿನ ಸುದ್ದಿಗೆ ಹೋದವು. ಆ ಹೆಸರು ತಿಳಿದದ್ದರಿಂದ ಹಾಡಿನಲ್ಲಿ ಹೊಸದಾಗಿ ಏನೂ ಕೇಳಿಸಲಿಲ್ಲ.

ಬೆವನ್‌ಗೆ ಹೆಸರು ಬೇಡವಾದದ್ದು ಸ್ವಭಾವದಿಂದ. ರಬಾಳೆಯ ಹುಡುಗನಿಗೆ ಬೇಡವಾದದ್ದು ಅನ್ನದ ಕಾರಣದಿಂದ. ಆದರೆ ಇಬ್ಬರಿಗೂ ಆದದ್ದು ಒಂದೇ: ಗುಟ್ಟು ಬಿಟ್ಟವರಿಗೆ ಏನೂ ಖರ್ಚಾಗಲಿಲ್ಲ, ಖರ್ಚೆಲ್ಲ ಹೆಸರಿನವರದ್ದು. ನನಗೆ ಆ ರಾತ್ರಿ ನಲವತ್ತು ಹೆಬ್ಬೆರಳುಗಳು ಬಂದಿದ್ದವು. ಅವನ ಮನೆಗೆ ಹದಿನೈದು ದಿನದ ಪಗಾರ ಹೋಯಿತು. ಚಾನೆಲ್ಲಿನವರನ್ನು ಬೈಯುವುದು ಸುಲಭ. ಅವರು ಮಾಡಿದ್ದೂ ನಾನು ಮಾಡಿದ್ದೂ ಒಂದೇ ಜಾತಿಯ ಕೆಲಸ, ಅವರದು ದೊಡ್ಡ ಗುಂಪು ಅಷ್ಟೇ.

ಮಾಧ್ಯಮ ಹೆಸರು ಕೊಡುತ್ತದೆ, ಅದರಿಂದ ಬಡವರ ಮಕ್ಕಳಿಗೆ ಬದುಕು ಸಿಗುತ್ತದೆ ಎಂಬ ವಾದವಿದೆ. ಸುಳ್ಳಲ್ಲ. ಕುರ್ಲಾದ ನೇಝಿ 2014ರಲ್ಲಿ ಐಪ್ಯಾಡೊಂದರಲ್ಲಿ ‘ಆಫತ್’ ಹಾಡು ಮಾಡಿದ. ಅವನಿಂದಲೂ ಅಂಧೇರಿಯ ಡಿವೈನ್‌ನಿಂದಲೂ ಪ್ರೇರಣೆ ಪಡೆದು ಜೋಯಾ ಅಖ್ತರ್ 2019ರಲ್ಲಿ ‘ಗಲ್ಲಿ ಬಾಯ್’ ಮಾಡಿದರು. ಮುಂಬಯಿಯ ಹಿಂದಿನ ಓಣಿಗಳ ರ‍್ಯಾಪ್ ದೇಶಕ್ಕೆಲ್ಲ ಗೊತ್ತಾಯಿತು. ಹಲವರಿಗೆ ಸ್ಟುಡಿಯೋ ಸಿಕ್ಕಿತು, ಸಂಭಾವನೆ ಸಿಕ್ಕಿತು. ಆದರೆ ಮಾಧ್ಯಮ ಕೊಡುವ ಹೆಸರು ಯಾವಾಗಲೂ ನಮ್ಮದೇ ಆಗಿರುವುದಿಲ್ಲ. ‘ಸ್ವದೇಸಿ’ ತಂಡದಲ್ಲಿ ಗುಜರಾತಿಯಲ್ಲಿ ರ‍್ಯಾಪ್ ಮಾಡುತ್ತಿದ್ದ ಎಂಸಿ ತೋಡ್‌ಫೋಡ್, ಅಂದರೆ ಧರ್ಮೇಶ್ ಪರ್ಮಾರ್, 2022ರ ಮಾರ್ಚಿನಲ್ಲಿ 24ನೇ ವಯಸ್ಸಿಗೆ ತೀರಿಕೊಂಡ. ಆ ಸಿನಿಮಾದ ಒಂದು ಹಾಡಿನಲ್ಲಿ ಅವನ ದನಿಯಿತ್ತು. ಮರುದಿನದ ತಲೆಬರಹಗಳಲ್ಲಿ ಅವನು ‘ಗಲ್ಲಿ ಬಾಯ್ ರ‍್ಯಾಪರ್’. ವರ್ಷಗಟ್ಟಲೆ ತನ್ನ ತಂಡದ ಜೊತೆ ಕಟ್ಟಿದ ಹಾಡುಗಳು ಹಿಂದೆ ಸರಿದು, ಸಿನಿಮಾದ ಹೆಸರೇ ಅವನ ಅಡ್ಡಹೆಸರಾಯಿತು.

ಹಾಗಂತ ಅನಾಮಿಕವಾಗಿರುವುದೇ ದೊಡ್ಡದು ಎಂದು ಹೇಳಲು ನನಗೆ ಧೈರ್ಯವಿಲ್ಲ. ಆ ಹುಡುಗನ ಅಪ್ಪ ಅಮ್ಮನ ಸೀಮೆಯವರೇ ಆದ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅವರು ಬರೆದಿಡದಿದ್ದರೆ ಆ ಹಾಡುಗಳಲ್ಲಿ ಎಷ್ಟೋ ಉಳಿಯುತ್ತಿರಲಿಲ್ಲ. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು. ಹಾಡಿದವರನ್ನು ‘ಗರತಿ’ ಎಂದಷ್ಟೇ ಬಲ್ಲೆವು. ಆ ಹೆಂಗಸರು ಹೆಸರು ಬೇಡ ಎಂದವರಲ್ಲ, ಹೆಸರು ಇರಬಹುದು ಎಂದು ಯಾರಿಗೂ ತೋಚದ ಕಾಲದವರು. ಜನಪದರು ನಿರ್ಮೋಹಿಗಳು, ಹೆಸರಿಗೆ ಆಸೆಪಟ್ಟವರಲ್ಲ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅವರನ್ನು ಕೇಳಿ ಹೇಳಿದ ಮಾತಲ್ಲ ಅದು.

ನಡುವಿನ ದಾರಿಯೂ ನಮ್ಮಲ್ಲಿತ್ತು. ವಚನಕಾರರು ತಮ್ಮ ಹೆಸರಿನ ಜಾಗದಲ್ಲಿ ತಮ್ಮ ದೈವದ ಹೆಸರಿಟ್ಟರು. ಅಂಕಿತ ಸಿಕ್ಕಿಯೂ ಬರೆದವರು ಯಾರೆಂದು ತಿಳಿಯದ ವಚನಗಳು ಇವತ್ತಿಗೂ ಇವೆ. ಅವನ್ನು ಓದಲು ನಮಗೇನೂ ಅಡ್ಡಿಯಾಗಿಲ್ಲ. ಅಲ್ಲಿ ಯಾವ ಹೆಸರಿನಿಂದ ಕರೆಯಬೇಕು ಎಂದು ತೀರ್ಮಾನಿಸಿದ್ದು ಬರೆದವರೇ. ನಮ್ಮ ಕಾನೂನಿನಲ್ಲೂ ಇದಕ್ಕೆ ಜಾಗವಿದೆ. 1957ರ ಕೃತಿಸ್ವಾಮ್ಯ ಕಾಯಿದೆ ಹೆಸರಿಲ್ಲದ ಮತ್ತು ಗುಪ್ತನಾಮದ ಕೃತಿಗೂ ರಕ್ಷಣೆ ಕೊಡುತ್ತದೆ, ಪ್ರಕಟವಾದ ನಂತರ 60 ವರ್ಷ. ಇದು ನಾನು ಕಟ್ಟಿದ್ದು ಎಂದು ಹೇಳಿಕೊಳ್ಳುವ ಹಕ್ಕನ್ನೂ ಅದೇ ಕಾಯಿದೆ ಕರ್ತೃವಿಗೆ ಕೊಟ್ಟಿದೆ. ಹೇಳಿಕೊಳ್ಳುವ ಹಕ್ಕು ಅವನದಾದರೆ ಹೇಳದೆ ಇರುವುದೂ ಅವನ ಕೈಯಲ್ಲೇ ಇರಬೇಕಲ್ಲ.

ಹಾಗಾಗಿ ನನಗೀಗ ಅನ್ನಿಸುವುದು ಇಷ್ಟು. ಗರತಿಯ ಹೆಸರು ಬರೆಯದಿದ್ದದ್ದೂ ರಬಾಳೆಯ ಹುಡುಗನ ಹೆಸರು ಬರೆದದ್ದೂ ಬೇರೆ ಬೇರೆ ತಪ್ಪುಗಳಲ್ಲ. ಎರಡರಲ್ಲೂ ಹಾಡಿದವರನ್ನು ಕೇಳಲಿಲ್ಲ.

ಗೆಳೆಯರೊಬ್ಬರು ಇದಕ್ಕೊಂದು ಆಕ್ಷೇಪ ಎತ್ತಿದರು. ಮುಖ ಮುಚ್ಚಿಕೊಂಡವನು ಯಾರ ಮೇಲಾದರೂ ಏನಾದರೂ ಹೇಳಬಹುದಲ್ಲ, ಆಗ? ಸರಿಯಾದ ಮಾತು. ಅವನು ಒಬ್ಬನ ಹೆಸರು ಹಿಡಿದು ಸುಳ್ಳು ಆರೋಪ ಮಾಡಿದ್ದರೆ ಟವೆಲ್ ತೆಗೆದು ಎದುರು ನಿಲ್ಲಬೇಕಾಗುತ್ತಿತ್ತು. ದುಡ್ಡು ಎತ್ತುವವನು, ಅಧಿಕಾರ ನಡೆಸುವವನು, ಇನ್ನೊಬ್ಬನ ಮಾನ ಕಳೆಯುವವನು ಹೆಸರು ಹೇಳಲೇಬೇಕು. ಅವನು ನಮ್ಮಿಂದ ಕೇಳಿದ್ದು ಮೂರು ನಿಮಿಷ ಕಿವಿಗೊಡಿ ಎಂದಷ್ಟೇ. ಅಷ್ಟಕ್ಕೆ ಅವನ ವಿಳಾಸ ಕೇಳುವ ಅಗತ್ಯವಿಲ್ಲ.

ನಾವೂ ಊರು ಬಿಟ್ಟು ಬಂದವರು. ಸಂಬಳಕ್ಕೆ ಬಂದೆವು ಎನ್ನುತ್ತೇವೆ, ನಿಜ. ಆದರೆ ಲೋಕಲ್ಲಿನಲ್ಲಿ ಪಕ್ಕ ಕೂತವನು ಯಾರ ಪೈಕಿ ಎಂದು ಕೇಳುವುದಿಲ್ಲ ಎಂಬ ಸುಖಕ್ಕಾಗಿಯೂ ನಮ್ಮಲ್ಲಿ ಎಷ್ಟೋ ಜನ ಇಲ್ಲಿ ಉಳಿದಿದ್ದೇವೆ. ಆ ಸುಖವನ್ನು ಒಬ್ಬ ಹುಡುಗನಿಂದ ‘ನಮ್ಮವನು’ ಎಂಬ ಅಭಿಮಾನದಲ್ಲೇ ಕಿತ್ತುಕೊಂಡೆ.

ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆ. “ಬರೀರಿ, ಹೆಸರು ಬ್ಯಾಡ” ಅಂದ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಿಕ್ಕಾಗ ಚಹಾ ಕುಡಿಯುತ್ತೇವೆ, ಹಾಡಿನ ಮಾತು ಬರುವುದಿಲ್ಲ. ಈಗಲೂ ಕಟ್ಟುತ್ತಾನೋ ಇಲ್ಲವೋ ನಾನು ಕೇಳಿಲ್ಲ.

ಹೋದ ತಿಂಗಳು ಅದೇ ಗುಂಪಿನಲ್ಲಿ ಯಾರೋ ಒಂದು ಕನ್ನಡ ಹಾಡು ಹಾಕಿದರು. ಹುಡುಗಿಯ ದನಿ, ಮುಖ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೇ ಪ್ರಶ್ನೆ ಬಂತು: ಯಾರಿವಳು, ಯಾವ ಊರು? ನನಗೆ ಗೊತ್ತಿರಲಿಲ್ಲ, ಈ ಸಲ ಹುಡುಕಲೂ ಹೋಗಲಿಲ್ಲ. ಹಾಡನ್ನು ಇನ್ನೊಮ್ಮೆ ಕೇಳಿ, ನನಗೆ ಇಷ್ಟವಾದ ಸಾಲು ಯಾವುದು ಎಂದು ಬರೆದೆ.