ಸಸಿಯ ಪಾಲು ಯಾರ ತುತ್ತು?

ಜೂನ್ 5 ಬಂತಂದ್ರ ನಮ್ಮ ಕಡೆ ಎಲ್ಲೆಲ್ಲೂ ಸಸಿ ನೆಡುವ ಸಂಭ್ರಮ. ಸಾಲಿ ಅಂಗಳದಾಗ, ಪಂಚಾಯ್ತಿ ಮುಂದ, ರಸ್ತೆ ಬದಿಗೆ ತಗ್ಗು ತೋಡಿ ಬೇವು, ಹುಣಸೆ, ನೇರಳೆ ನೆಡ್ತೀವಿ. ಮುಂದಿನ ಯುಗಾದಿಗೆ ಹೋಗಿ ನೋಡಿದ್ರ ಮುಳ್ಳಿನ ಬೇಲಿ ಇರ್ತದ, ಸಸಿ ಇರೂದಿಲ್ಲ. ಇದನ್ನ ಬೈಯುವ ಬರಹಗಳು ಬೇಕಾದಷ್ಟು ಬಂದಾವ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಸಸಿ ಬದುಕಬೇಕಾದರೆ ಅದಕ್ಕೆ ಗೊಬ್ಬರ ಬೇಕು, ನೀರು ಬೇಕು, ಬುಡಕ್ಕೊಂದು ಹೊದಿಕೆ ಬೇಕು. ಇದೆಲ್ಲ ಎಲ್ಲಿಂದ ಬರಬೇಕು? ಬರದ ಸೀಮೆಯಲ್ಲಿ ಒಬ್ಬರಿಗೆ ಕೊಟ್ಟದ್ದು ಬಹಳ ಸಲ ಇನ್ನೊಬ್ಬರ ಪಾಲಿನಿಂದ ತೆಗೆದದ್ದೇ ಆಗಿರುತ್ತದೆ.

ರೋಣ, ನರಗುಂದದ ಬಹುಭಾಗ ಎರೆ ಭೂಮಿ. ಗಜೇಂದ್ರಗಡದ ಗುಡ್ಡದ ಕಡೆ ಹೋದಂಗೆಲ್ಲ ಕೆಂಪು ಮಸಾರಿ, ಗರಸು, ಕಲ್ಲು. ಮಳೆ ವರ್ಷಕ್ಕೆ ಹೆಚ್ಚೂಕಡಿಮೆ 600 ಮಿಲಿಮೀಟರ್, ಅದೂ ನೆಚ್ಚಿ ಕೂಡುವಂಥದ್ದಲ್ಲ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ನಿಜ. ಆದರೆ ಒಣಗಿತಂದ್ರ ಕೈ ಹೋಗುವಷ್ಟು ಬಿರುಕು ಬಿಡ್ತದ. ಆ ಬಿರುಕಿನಲ್ಲಿ ಒಳಗಿನ ಹಸಿ ಆರಿಹೋಗುತ್ತದೆ, ಎಳೆ ಬೇರು ಹರಿಯುತ್ತವೆ. ಮಸಾರಿಯಲ್ಲಿ ಬಿರುಕಿನ ಕಾಟ ಕಡಿಮೆ, ಆದರೆ ಹಾಕಿದ ನೀರು ಬಹಳ ದಿನ ನಿಲ್ಲುವುದಿಲ್ಲ. ತೇಗದಂಥ ಗಿಡ ಬ್ಯಾಸಗಿಯಲ್ಲಿ ಎಲೆ ಉದುರಿಸಿ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಮಾವು, ನೇರಳೆಯಂಥ ಹಸಿರು ಬಿಡದ ಗಿಡಕ್ಕೆ ಆ ರಜೆ ಇಲ್ಲ. ಎಲೆ ಇರುವತನಕ ನೀರು ಖರ್ಚಾಗುತ್ತಲೇ ಇರುತ್ತದೆ. ಬೇರು ಆಳಕ್ಕಿಳಿಯುವ ಮೊದಲಿನ ಎರಡು ಮೂರು ಬ್ಯಾಸಗಿ ಅದರ ಅಳಿವು ಉಳಿವಿನ ಕಾಲ.

ಈ ಹಸಿ ಉಳಿಸುವ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಹಿಂಗಾರಿ ಜೋಳಕ್ಕೆ ಮತ್ತೆ ಮತ್ತೆ ಎಡಿ ಹೊಡೆಯುವುದು ಬರೀ ಕಸ ತೆಗೆಯಲಿಕ್ಕಲ್ಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚಲಿ, ಒಳಗಿನ ಹಸಿ ಉಳಿಯಲಿ ಅಂತ. ರೋಣ, ಯಲಬುರ್ಗಾ ಕಡೆ ಎರೆ ಹೊಲಕ್ಕೆ ಉಸುಕು, ಗರಸು ಹರಡಿಸಿದ ರೈತರೂ ಇದ್ದಾರೆ. ಸಸಿ ಬುಡಕ್ಕೆ ಮೂರು ನಾಲ್ಕು ಇಂಚು ದಪ್ಪ ಹೊದಿಕೆ ಹಾಕುವುದರ ಹಿಂದೆಯೂ ಅದೇ ತತ್ವ. ನೆಲ ಕಾಯುವುದಿಲ್ಲ, ಹಾಕಿದ ಕೊಡ ನೀರು ನಾಲ್ಕು ದಿನ ಹೆಚ್ಚಿಗೆ ಬಾಳುತ್ತದೆ, ಹೊದಿಕೆ ಕೊಳೆತಂತೆ ತಾನೇ ಗೊಬ್ಬರವಾಗುತ್ತದೆ.

ತೊಡಕು ಇಲ್ಲೇ ಶುರು. ಹೊದಿಕೆಗೆ ಏನು ಹಾಕಬೇಕ್ರಿ ಅಂತ ಕೇಳಿದ್ರ ಹುಲ್ಲು, ಹೊಟ್ಟು, ಕಣಕಿ ಅಂತ ಉತ್ತರ ಬರ್ತದ. ಊರಿನ ಹಿರಿಯರ ಮುಂದ ಈ ಮಾತು ಎತ್ತಿ ನೋಡ್ರಿ. "ತಮ್ಮಾ, ದನಕ್ಕ ಹಾಕಾಕ ಕಣಕಿ ಇಲ್ಲ, ನೀ ಗಿಡದ ಬುಡಕ್ಕ ಹಾಸು ಅಂತೀಯಲ್ಲೋ?" ಅಂತಾರ. ಇದು ತಿಳಿಗೇಡಿ ಮಾತಲ್ಲ. ತಿಪ್ಪಿ ಗೊಬ್ಬರದ ಲೆಕ್ಕವೂ ಹೀಗೇ. ಅದು ಹೊಲಕ್ಕೇ ಸಾಲುವುದಿಲ್ಲ. ದನ ಹಸಿದರೆ ಕೂಗುತ್ತದೆ, ಬೆಳೆ ಸೊರಗಿದರೆ ಸಾಲ ಕೂಗುತ್ತದೆ. ಸಸಿ ಮಾತ್ರ ಸುಮ್ಮನೆ ಒಣಗುತ್ತದೆ.

ಹಸಿದ ದನದ ಮುಂದಿನ ಕಣಕಿ ಎಳೆದು ಸಸಿಗೆ ಹಾಸುವುದು ಧರ್ಮವಲ್ಲ ಎಂದು ನಾನೂ ಒಪ್ಪುತ್ತೇನೆ. ಇವತ್ತಿನ ಹಸಿವಿಗೆ ನಾಳಿನ ನೆರಳಿಗಿಂತ ತೂಕ ಹೆಚ್ಚು. ಆದರೆ ಈ ವಾದವನ್ನೇ ಕೊನೆತನಕ ಎಳೆದರೆ ಸಸಿಯ ಸರದಿ ಬರುವುದು ಯಾವಾಗ? ಇವತ್ತು ಹಸಿದವರು ಯಾವತ್ತೂ ಇದ್ದೇ ಇರುತ್ತಾರೆ. ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕುಂತು ರೊಟ್ಟಿ ಉಣ್ಣುತ್ತೇವಲ್ಲ, ಅದನ್ನು ಎಳೆಯದರಲ್ಲಿ ಕಾಯ್ದವರ ಮನೆಯಲ್ಲೂ ದನ ಇದ್ದವು, ಅವರಿಗೂ ಬರ ಬಂದಿತ್ತು. ಅವರು ಬಿಟ್ಟುಕೊಟ್ಟ ಪಾಲನ್ನೇ ನಾವು ನೆರಳಾಗಿ ಉಣ್ಣುತ್ತಿದ್ದೇವೆ. ಆ ಸಾಲವನ್ನು ಅವರಿಗೆ ತಿರುಗಿ ಕೊಡಲು ಬರುವುದಿಲ್ಲ, ಮುಂದಿನವರಿಗೆ ಕೊಡಬಹುದು ಅಷ್ಟೆ.

ಹಂಗಾದ್ರ ಯಾರ ಬಾಯಿಂದ ತೆಗೀಬೇಕು? ಯಾರ ಬಾಯಿಂದಲೂ ತೆಗೆಯದೆ ಕೊಡುವುದು ಎಷ್ಟಿದೆ ಎಂದು ಮೊದಲು ನೋಡಬೇಕು. ಶಿವರಾತ್ರಿ ಸುಮಾರಿಗೆ ಬೇವು ಹಳೇ ಎಲೆ ಉದುರಿಸುತ್ತದೆ. ದಿನಾ ಮುಂಜಾನೆ ಗುಡಿಸಿ, ಗುಂಪಿ ಹಾಕಿ, ಕಡ್ಡಿ ಗೀರುತ್ತೇವೆ. ಗಿಡ ತನ್ನ ಬುಡಕ್ಕೆ ತಾನೇ ಹಾಸಿಕೊಂಡದ್ದಕ್ಕೆ ಕಸ ಎಂದು ಹೆಸರಿಟ್ಟು ಸುಟ್ಟು, ಆಮೇಲೆ ಗೊಬ್ಬರದ ಚೀಲಕ್ಕೆ ರೊಕ್ಕ ಕೊಡುತ್ತೇವೆ. ಬೀಜ ಕಟ್ಟುವ ಮೊದಲು ಕಿತ್ತ ಕಳೆಯೂ ಹೊದಿಕೆಯೇ. ಗಜೇಂದ್ರಗಡದ ಕಡೆ ಕಲ್ಲಿಗೇನು ಕೊರತೆ? ಬುಡದ ಸುತ್ತ ಚಪ್ಪಟೆ ಕಲ್ಲು ಹಾಸಿದರೂ ಹಸಿ ಉಳಿಯುತ್ತದೆ, ಅದನ್ನು ಯಾವ ದನವೂ ಕೇಳುವುದಿಲ್ಲ. ನೀರಿನ ಬೆಲೆಯನ್ನಂತೂ, 1980ರಲ್ಲಿ ಕಾಲುವೆಯ ಕರದ ವಿರುದ್ಧ ಎದ್ದು ನಿಂತ ನರಗುಂದದ ಸೀಮೆಗೆ ಬೇರೆಯವರು ಹೇಳಬೇಕಿಲ್ಲ. ಹೊದಿಕೆ ಹಾಕಿದವನಿಗೆ ಕಡಿಮೆ ನೀರು ಸಾಕಾಗುತ್ತದೆ. ಹಾಕದವನು ಇನ್ನೊಬ್ಬರ ಕೊಡದಿಂದಲೂ ಖರ್ಚು ಮಾಡಿದಂತೆ.

ಇನ್ನೊಂದು ಮಾತು, ಅಕ್ಕರೆಯ ಅತಿರೇಕದ್ದು. ಎಳೇ ಸಸಿಗೆ ಮುಷ್ಟಿಗಟ್ಟಲೆ ಯೂರಿಯಾ ಸುರಿದರೆ ಬೇರು ಸುಡುತ್ತದೆ. ಸುಡದಿದ್ದರೂ ಮೇಲೆ ಮೆತ್ತನೆಯ ಚಿಗುರು ನುಗ್ಗುತ್ತದೆ. ಅಷ್ಟು ಎಲೆಗೆ ನೀರು ಕೊಡುವ ಶಕ್ತಿ ಕೆಳಗಿನ ಬೇರಿಗೆ ಇರುವುದಿಲ್ಲ. ಚೆನ್ನಾಗಿ ಕಳಿತ ತಿಪ್ಪಿ ಗೊಬ್ಬರ ಮುಂಗಾರಿಗೆ ಒಂದು ಬುಟ್ಟಿ, ಕಾಂಡದಿಂದ ಒಂದಡಿ ದೂರಕ್ಕೆ ಸುತ್ತ ಹಾಕಿದರೆ ಸಾಕು. ಹೊದಿಕೆಯನ್ನೂ ಕಾಂಡಕ್ಕೆ ಒತ್ತಿ ಗುಂಪಿ ಹಾಕಬಾರದು, ತೊಗಟೆ ಕೊಳೆಯುತ್ತದೆ. ನಾಲ್ಕು ಬೆರಳು ಜಾಗ ಬಿಡಬೇಕು. ಒಣ ಕಸಕ್ಕೆ ಗೆದ್ದಲು ಬರುವುದುಂಟು, ಕೆಳಗೆ ಒಂದಿಷ್ಟು ಬೇವಿನ ಹಿಂಡಿ ಉದುರಿಸಿದರೆ ಒಳ್ಳೆಯದು. ದಿನಾ ಒಂದು ತಂಬಿಗೆ ನೀರು ಹಾಕುವವನ ಸಸಿಯ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ಎರಡು ಕೊಡ ಹಾಕಿದವನದು ಕೆಳಗಿಳಿಯುತ್ತದೆ. ದಿನಾ ಹಾಕಿದವನ ಮನಸ್ಸಿಗೆ ಸಮಾಧಾನ ಹೆಚ್ಚು, ಗಿಡಕ್ಕೆ ಉಪಯೋಗ ಕಡಿಮೆ. ನಾವು ಕೊಡುವುದು ಅದಕ್ಕೆ ಬೇಕೆಂದೋ, ಕೊಟ್ಟೆ ಅನ್ನಿಸಿಕೊಳ್ಳಲೋ ಎಂದು ಆಗಾಗ ಕೇಳಿಕೊಳ್ಳಬೇಕು.

ಹುಲಿಕಲ್ಲಿನಿಂದ ಕುದೂರಿನ ದಾರಿಗುಂಟ ಸಾಲುಮರದ ತಿಮ್ಮಕ್ಕ ಸುಮಾರು 385 ಆಲದ ಗಿಡ ಬೆಳೆಸಿದರು. ಕೂಲಿ ಮಾಡುವ ಮನೆ. ಕೊಡ ಹೊತ್ತು ನೀರು ಹಾಕಿದ್ದು ಬ್ಯಾಸಗಿ ದಾಟುವಷ್ಟು, ಬೇಲಿ ಕಟ್ಟಿದ್ದು ದನ ಮುಟ್ಟದಷ್ಟು. ಗಿಡಗಳು ತಮ್ಮ ಬೇರಿನ ಮೇಲೆ ನಿಂತ ಮೇಲೆ ನೆರಳು ದಾರಿ ನಡೆಯುವವರದಾಯಿತು. 2019ರ ಪದ್ಮಶ್ರೀಯ ಹೊತ್ತಿಗೆ ಆ ಮರಗಳಿಗೆ ಅವರ ಕೊಡದ ಹಂಗು ಎಂದೋ ಹರಿದಿತ್ತು.

ನಮ್ಮ ಕಡೆ ದಾಸೋಹ ಅಂದರೆ ಬಂದವರಿಗೆ ಉಣ್ಣಿಸಿ ಕಳಿಸುವುದು, ಯಾರು ಏನೆಂದು ಕೇಳದೆ. ಸಸಿಯನ್ನೂ ಆ ಪಂಕ್ತಿಯಲ್ಲಿ ಕೂಡಿಸಬಹುದು. ದನದ ಎಲೆ ಎಳೆದಲ್ಲ, ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ. ಮೂರು ಬ್ಯಾಸಗಿಯ ಊಟ ಅಷ್ಟೇ ಅದು ಕೇಳುವುದು. ಈ ಸಲದ ಬೇವಿನ ಎಲೆಗೆ ಕಡ್ಡಿ ಗೀರುವ ಮೊದಲು ಹತ್ತಿರದಲ್ಲಿ ಯಾವುದಾದರೂ ಸಸಿ ಐತೇನು ನೋಡ್ರಿ.